ದುರ್ಬಲರ ಪರವಾಗಿ ದನಿಯೆತ್ತಿದ ಧರ್ಮಾಧ್ಯಕ್ಷ

ಜರ್ಮನಿಯ ಮ್ಯೂನ್‌ಸ್ಟರ್ ನಗರದ ಧರ್ಮಾಧ್ಯಕ್ಷರಾಗಿದ್ದ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ ಅವರು 1878ರ ಮಾರ್ಚ್ 16ರಂದು ಡಿಂಕ್ಲಾಗೆಯ ಕುಲೀನ ಕಥೋಲಿಕ ಮನೆತನವೊಂದರಲ್ಲಿ ಜನಿಸಿದರು. 13 ಮಂದಿ ಮಕ್ಕಳಲ್ಲಿ ಅವರು 11ನೆಯವರು. 1904ರಲ್ಲಿ ಗುರುದೀಕ್ಷೆ ಪಡೆದು, ಎರಡು ದಶಕಗಳಿಗೂ ಹೆಚ್ಚು ಕಾಲ ಬರ್ಲಿನ್ನಿನಲ್ಲಿ ಸೇವೆ ಸಲ್ಲಿಸಿದರು. ಹಿಟ್ಲರನು ಅಧಿಕಾರಕ್ಕೆ ಬಂದ 1933ರಲ್ಲಿಯೇ ಅವರು ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಹೊಗಳಿಕೆಗೂ ಬೆದರಿಕೆಗೂ ಮಣಿಯದೆ ನಡೆಯುವುದೇ ಅವರು ಆರಿಸಿಕೊಂಡ ಧ್ಯೇಯವಾಗಿತ್ತು.

ಆ ಧ್ಯೇಯಕ್ಕೆ ಸತ್ವಪರೀಕ್ಷೆ ಒದಗಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಅಂಗವಿಕಲರು ಹಾಗೂ ಮಾನಸಿಕ ಅಸ್ವಸ್ಥರು ರಾಷ್ಟ್ರಕ್ಕೆ ಹೊರೆಯೆಂದು ಬಗೆದ ನಾತ್ಸಿ ಆಡಳಿತವು ಅವರನ್ನು ಗುಟ್ಟಾಗಿ ಕೊಲ್ಲಿಸತೊಡಗಿತು. ಆಶ್ರಮಗಳಿಗೂ ಆಸ್ಪತ್ರೆಗಳಿಗೂ ನಮೂನೆಗಳು ಬರುತ್ತಿದ್ದವು. ರೋಗಿಯು ಯಾವ ಕೆಲಸ ಮಾಡಬಲ್ಲನೆಂಬುದು ಅವುಗಳಲ್ಲಿನ ಮುಖ್ಯ ಪ್ರಶ್ನೆಗಳಲ್ಲೊಂದು. ರೋಗಿಯ ಮುಖವನ್ನೇ ಕಾಣದ ವೈದ್ಯರು ಕಾಗದದ ಮೇಲೆ ಗುರುತು ಹಾಕಿ ಅವನ ಮರಣವನ್ನು ನಿರ್ಧರಿಸುತ್ತಿದ್ದರು. ಬಳಿಕ ಕುಟುಂಬಕ್ಕೆ ಸುಳ್ಳು ಕಾರಣ ಬರೆದ ಮರಣಪತ್ರ ತಲುಪುತ್ತಿತ್ತು. 1941ರ ಆಗಸ್ಟ್ ವೇಳೆಗೆ ಹೀಗೆ ವಿಷಾನಿಲಕ್ಕೆ ಬಲಿಯಾದವರು 70,000ಕ್ಕೂ ಹೆಚ್ಚು.

ತಮ್ಮ ಧರ್ಮಪ್ರಾಂತ್ಯದ ರೋಗಿಗಳನ್ನೂ ಸಾಗಿಸಲಾಗುತ್ತಿದೆಯೆಂದು ತಿಳಿದಾಗ ಗಾಲೆನ್ ಅವರು ಮೊದಲು ಸರ್ಕಾರಿ ಅಭಿಯೋಜಕರಿಗೆ ದೂರು ಸಲ್ಲಿಸಿದರು. ಫಲ ದೊರೆಯಲಿಲ್ಲ. 1941ರ ಆಗಸ್ಟ್ 3ರ ಭಾನುವಾರ ಸಂತ ಲ್ಯಾಂಬರ್ಟರ ದೇವಾಲಯದ ಪ್ರಬೋಧನಾ ಪೀಠದಿಂದ ಎಲ್ಲವನ್ನೂ ಬಯಲಿಗೆಳೆದರು. ಕೆಟ್ಟ ಯಂತ್ರವನ್ನು ಎಸೆಯಬಹುದು, ಹಾಲು ಕೊಡದ ಹಸುವನ್ನು ಕಟುಕನಿಗೆ ಒಪ್ಪಿಸಬಹುದು; ಆದರೆ ಮನುಷ್ಯನನ್ನು ಆ ಸಾಲಿಗೆ ಸೇರಿಸಲಾಗದೆಂದು ಬೋಧಿಸಿದರು. ದುಡಿಯಲಾರದವನನ್ನು ಕೊಲ್ಲಬಹುದೆಂದು ಒಮ್ಮೆ ಒಪ್ಪಿದರೆ, ವೃದ್ಧಾಪ್ಯದಲ್ಲಿ ನಮ್ಮೆಲ್ಲರಿಗೂ, ಯುದ್ಧದಲ್ಲಿ ಗಾಯಗೊಂಡು ಮರಳುವ ಯೋಧರಿಗೂ ಅದೇ ಗತಿಯೆಂದು ಎಚ್ಚರಿಸಿದರು.

ಆ ಪ್ರಬೋಧನೆಯ ಪ್ರತಿಗಳು ಕೈಯಿಂದ ಕೈಗೆ ಸಾಗಿ ದೇಶವಿಡೀ ಹರಡಿದವು. ಗಾಲೆನ್ ಅವರನ್ನು ಗಲ್ಲಿಗೇರಿಸಬೇಕೆಂದು ನಾತ್ಸಿ ನಾಯಕರಲ್ಲಿ ಕೆಲವರು ಬಯಸಿದರೂ, ಜನರು ತಿರುಗಿಬಿದ್ದಾರೆಂಬ ಅಂಜಿಕೆಯಿಂದ ಸೇಡನ್ನು ಯುದ್ಧಾನಂತರಕ್ಕೆ ಮುಂದೂಡಿದರು. ಅದೇ ಪ್ರಬೋಧನೆಗಳನ್ನು ಹಂಚಿದವರಿಗೆ ಅಂತಹ ರಕ್ಷಣೆ ಇರಲಿಲ್ಲ. ಲ್ಯೂಬೆಕ್ ನಗರದ ಮೂವರು ಕಥೋಲಿಕ ಗುರುಗಳೂ ಒಬ್ಬ ಲೂಥರನ್ ಬೋಧಕರೂ 1943ರಲ್ಲಿ ಶಿರಚ್ಛೇದಕ್ಕೆ ಗುರಿಯಾದರು.

1941ರ ಆಗಸ್ಟ್ 24ರಂದು ಹಿಟ್ಲರನು ವಿಷಾನಿಲದ ಯೋಜನೆಯನ್ನು ನಿಲ್ಲಿಸಲು ಆಜ್ಞಾಪಿಸಿದನು. ಆದರೂ ಹಸಿವಿನಿಂದಲೂ ಔಷಧಗಳಿಂದಲೂ ಕೊಲ್ಲುವ ಕಾರ್ಯ ಯುದ್ಧ ಮುಗಿಯುವವರೆಗೆ ಗುಟ್ಟಾಗಿ ನಡೆಯಿತು. ಯಹೂದ್ಯರ ಸಂಹಾರದ ವಿರುದ್ಧ ಗಾಲೆನ್ ಅವರು ಇಷ್ಟೇ ಸ್ಪಷ್ಟವಾಗಿ ಬಹಿರಂಗವಾಗಿ ಮಾತನಾಡಲಿಲ್ಲವೆಂಬುದನ್ನೂ ಚರಿತ್ರೆ ಮರೆತಿಲ್ಲ. 1946ರ ಫೆಬ್ರವರಿಯಲ್ಲಿ ಕಾರ್ಡಿನಲ್ ಪದವಿಗೇರಿದ ಅವರು ಮಾರ್ಚ್ 22ರಂದು ನಿಧನರಾದರು. 2005ರ ಅಕ್ಟೋಬರ್ 9ರಂದು ಧರ್ಮಸಭೆ ಅವರನ್ನು ಪುನೀತರೆಂದು ಘೋಷಿಸಿತು.

ದೇವರು ಮನುಷ್ಯನನ್ನು ತನ್ನ ಸ್ವರೂಪದಲ್ಲಿ ಸೃಷ್ಟಿಸಿದನೆಂದು ನಾವು ವಿಶ್ವಾಸಿಸುತ್ತೇವೆ. ಮಾತು ಬಾರದ ಮಗುವಿನಲ್ಲಿ, ಮಕ್ಕಳ ಗುರುತೂ ಮರೆತ ಅಜ್ಜಿಯಲ್ಲಿ ಆ ಸ್ವರೂಪವು ಎಳ್ಳಷ್ಟೂ ಕುಂದಿಲ್ಲ. ಅವರಿಂದ ಮನೆಗೇನು ಪ್ರಯೋಜನವೆಂಬ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಸುಳಿದಾಗ, ಅದೇ ಪ್ರಶ್ನೆ ಒಮ್ಮೆ ಸರ್ಕಾರದ ನಮೂನೆಯಲ್ಲಿ ಅಚ್ಚಾಗಿತ್ತೆಂಬುದನ್ನು ನೆನೆಯೋಣ.