ಲ್ಯಾಂಡೌ: ಅಯಸ್ಕಾಂತದ ಲೆಕ್ಕ ಮತ್ತು ಒಂದು ಕರಪತ್ರ

ಎಂರ್ಯಾಮ್ ಅನ್ನೋ ಮೆಮೊರಿ ಚಿಪ್‌ಗೆ ಕರೆಂಟ್ ಹೋದರೂ ಮರೆವು ಬರೋದಿಲ್ಲ. ಅದರೊಳಗೆ ಎರಡು ತೆಳು ಅಯಸ್ಕಾಂತ ಪದರಗಳಿವೆ, ನಡುವೆ ಕೂದಲಿಗಿಂತ ಸಾವಿರಾರು ಪಟ್ಟು ತೆಳುವಾದ ಮೆಗ್ನೀಸಿಯಂ ಆಕ್ಸೈಡ್ ಇದೆ. ಎಲೆಕ್ಟ್ರಾನ್‌ಗೆ ಸ್ಪಿನ್ ಎಂಬ ಗುಣವಿರುವುದರಿಂದ ಅದೂ ಒಂದು ಪುಟ್ಟ ಅಯಸ್ಕಾಂತವೇ. ಎರಡು ಪದರಗಳ ಕಾಂತತ್ವ ಒಂದೇ ದಿಕ್ಕಿಗಿದ್ದರೆ ಎಲೆಕ್ಟ್ರಾನ್‌ಗಳು ಸಲೀಸಾಗಿ ದಾಟುತ್ತವೆ, ವಿರುದ್ಧವಾಗಿದ್ದರೆ ತಡೆ ಹೆಚ್ಚುತ್ತೆ. ಚಿಪ್‌ನ ಸೊನ್ನೆ ಮತ್ತು ಒಂದು ಅಂದ್ರೆ ಇಷ್ಟೇ.

ಆ ಪದರ ದಿಕ್ಕು ಬದಲಿಸುವಾಗ ಹೇಗೆ ಬುಗುರಿಯಂತೆ ಓಲಾಡಿ ನಿಲ್ಲುತ್ತೆ ಅಂತ ಲೆಕ್ಕ ಹಾಕೋಕೆ ಇವತ್ತಿಗೂ ಅಡಿಪಾಯ 1935ರ ಒಂದು ಸಮೀಕರಣ. ಕಬ್ಬಿಣ, ಮ್ಯಾಂಗನೀಸ್‌ಗಳ ಕಾಂತೀಯ ಆಕ್ಸೈಡ್‌ಗಳ ಸೂಕ್ಷ್ಮ ರಚನೆಗಳಿಗೂ ಅದೇ ಬೇಕು. ಅದನ್ನು ಬರೆದ ಇಬ್ಬರಲ್ಲಿ ಒಬ್ಬ ಎವ್ಗೆನಿ ಲಿಫ್ಶಿಟ್ಸ್. ಇನ್ನೊಬ್ಬ ಲೆವ್ ಲ್ಯಾಂಡೌ, ಮೂರು ವರ್ಷಗಳ ನಂತರ ಜೈಲಿನಲ್ಲಿದ್ದ.

ಲ್ಯಾಂಡೌ ಹುಟ್ಟಿದ್ದು 1908ರಲ್ಲಿ, ಬಾಕುವಿನಲ್ಲಿ. ಅಪ್ಪ ತೈಲ ಎಂಜಿನಿಯರ್, ಅಮ್ಮ ವೈದ್ಯೆ. ಹದಿನಾಲ್ಕಕ್ಕೇ ವಿಶ್ವವಿದ್ಯಾಲಯ ಸೇರಿದ. ಲೆನಿನ್‌ಗ್ರಾಡ್‌ನಲ್ಲಿ ಓದು ಮುಗಿಸಿ, ಯುರೋಪ್ ಸುತ್ತಿ, ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಬಳಿ ಕಲಿತ. ವಿದೇಶದಲ್ಲೇ ಉಳೀಬಹುದಿತ್ತು, ಆದರೆ ಹೊಸ ಸಮಾಜ ಕಟ್ಟುವ ಕನಸು ಅವನದೂ ಆಗಿತ್ತು. ವಾಪಸ್ ಬಂದು 1932ರಲ್ಲಿ ಖಾರ್ಕಿವ್‌ನ ಭೌತವಿಜ್ಞಾನ ಸಂಸ್ಥೆ ಸೇರಿದ. ಮೇಲೆ ಹೇಳಿದ ಸಮೀಕರಣ ಬರೆದದ್ದು ಅಲ್ಲಿದ್ದಾಗಲೇ.

ಅದೇ ಸಂಸ್ಥೆಯಲ್ಲಿ ಲೆವ್ ಶುಬ್ನಿಕೋವ್ ಇದ್ದ. ಕಾಂತಕ್ಷೇತ್ರ ಬದಲಾದಂತೆ ಬಿಸ್ಮತ್‌ನ ವಿದ್ಯುತ್ ತಡೆ ಏರಿಳಿಯುತ್ತೆ ಅನ್ನೋದನ್ನು 1930ರಲ್ಲಿ ಡಿ ಹಾಸ್ ಜೊತೆ ಸೇರಿ ಕಂಡುಹಿಡಿದವನು. 1937ರಲ್ಲಿ ಸ್ಟಾಲಿನ್‌ನ ಪೊಲೀಸರು ಅವನನ್ನು ಬಂಧಿಸಿ ಗುಂಡಿಕ್ಕಿದರು. ಲ್ಯಾಂಡೌ ಅಷ್ಟರಲ್ಲಿ ಮಾಸ್ಕೋಗೆ, ಪ್ಯೋಟರ್ ಕಪಿತ್ಸಾನ ಸಂಸ್ಥೆಗೆ ಹೋಗಿದ್ದ.

ಆದರೂ ಅವನನ್ನು ಬಿಡಲಿಲ್ಲ. 1938ರ ಏಪ್ರಿಲ್‌ನಲ್ಲಿ ಬಂಧನವಾಯ್ತು. ಮೇ ದಿನಕ್ಕೆ ಹಂಚಲು ಗೆಳೆಯ ಕೊರೆಟ್ಸ್ ಜೊತೆ ಸೇರಿ ಒಂದು ಕರಪತ್ರ ಸಿದ್ಧಪಡಿಸಿದ್ದ ಅನ್ನುತ್ತೆ ಪೊಲೀಸ್ ಕಡತ. ಸ್ಟಾಲಿನ್ ಕ್ರಾಂತಿಗೆ ದ್ರೋಹ ಬಗೆದಿದ್ದಾನೆ, ಹಿಟ್ಲರ್‌ನ ಸಾಲಿಗೆ ಸೇರಿದ್ದಾನೆ ಅನ್ನೋದು ಅದರ ಸಾರಾಂಶ. ಗಮನಿಸಿ, ಅದು ಕ್ರಾಂತಿಯ ವೈರಿಯ ಮಾತಲ್ಲ. ಕ್ರಾಂತಿಯನ್ನು ನಂಬಿದವರ ಮಾತು. ಅಂಥವರನ್ನೇ ದೇಶದ್ರೋಹಿ ಅನ್ನೋದು ಅಧಿಕಾರಕ್ಕೆ ಸುಲಭ.

ಬಂಧನದ ದಿನವೇ ಕಪಿತ್ಸಾ ನೇರ ಸ್ಟಾಲಿನ್‌ಗೆ ಪತ್ರ ಬರೆದ. ಒಂದು ವರ್ಷ ಬೆನ್ನು ಬಿಡದೆ ಹಿಡಿದು, ಕೊನೆಗೆ ತಾನೇ ಜಾಮೀನು ನಿಂತು ಬಿಡಿಸಿಕೊಂಡ. ಹೊರಬಂದ ಲ್ಯಾಂಡೌ, ಕಪಿತ್ಸಾ ಕಂಡಿದ್ದ ದ್ರವ ಹೀಲಿಯಂನ ಅತಿಹರಿವಿಗೆ 1941ರಲ್ಲಿ ಸಿದ್ಧಾಂತ ಕೊಟ್ಟ. ಅದಕ್ಕೇ 1962ರ ನೊಬೆಲ್. ನಡುವೆ ಅದೇ ಸರ್ಕಾರದ ಬಾಂಬಿಗೂ ಲೆಕ್ಕ ಹಾಕಿಕೊಟ್ಟ, ಸ್ಟಾಲಿನ್ ಸತ್ತ ಮೇಲೆ ಆ ಕೆಲಸದಿಂದ ಹೊರಬಂದ. ಅವನನ್ನು ಕಳಂಕವಿಲ್ಲದ ವೀರ ಮಾಡೋಕೆ ನನಗಿಷ್ಟವಿಲ್ಲ. ಒಮ್ಮೆ ಜೈಲು ಕಂಡವನ ಭಯವನ್ನು ಹೊರಗೆ ಕೂತು ಅಳೆಯೋಕೂ ಆಗಲ್ಲ. 1962ರ ಜನವರಿಯಲ್ಲಿ ಕಾರು ಅಪಘಾತವಾಗಿ ಅವನ ಸಂಶೋಧನೆ ನಿಂತಿತು. 1968ರ ಏಪ್ರಿಲ್ 1ರಂದು ತೀರಿಕೊಂಡ.

ಈ ಕಥೆಯನ್ನು ಪ್ರತಿಭೆ ಕೊನೆಗೆ ಗೆಲ್ಲುತ್ತೆ ಅಂತ ಹೇಳೋದುಂಟು. ನಾನು ಒಪ್ಪಲ್ಲ. ಶುಬ್ನಿಕೋವ್‌ಗೂ ಪ್ರತಿಭೆ ಇತ್ತು, ಅವನಿಗೆ ಕಪಿತ್ಸಾ ಸಿಗಲಿಲ್ಲ. ಲ್ಯಾಂಡೌ ಜೊತೆ ಸಿಕ್ಕಿಬಿದ್ದ ಕೊರೆಟ್ಸ್, ರೂಮರ್ ವರ್ಷಗಟ್ಟಲೆ ಸೆರೆಯಲ್ಲೇ ಕಳೆದರು. ದೊಡ್ಡವರೊಬ್ಬರ ಪತ್ರದಿಂದ ಒಬ್ಬ ಬದುಕಿದರೆ ಅದು ಕೃಪೆ, ಹಕ್ಕಲ್ಲ. ನಮಗೆ ಬೇಕಿರೋದು ಕಪಿತ್ಸಾನ ಪತ್ರವೇ ಇಲ್ಲದೆ ಪ್ರಶ್ನೆ ಕೇಳಬಲ್ಲ ಪ್ರಯೋಗಾಲಯ, ವಿಶ್ವವಿದ್ಯಾಲಯ, ಬೀದಿ.