ಪ್ರೊಫೆಸರ್ ಅಂಬೇಡ್ಕರ್

ಪ್ರತಿ ವರ್ಷ ಏಪ್ರಿಲ್ 14ರಂದು ಡಾ. ಬಿ.ಆರ್. ಅಂಬೇಡ್ಕರರನ್ನು ಸಂವಿಧಾನ ಶಿಲ್ಪಿ ಎಂದು ನೆನೆಯುತ್ತೇವೆ. ನಾನೂ ಭಾಷಣ ಸ್ಪರ್ಧೆಯಲ್ಲಿ ಹಾಗೆಯೇ ಹೇಳಿ ಬಹುಮಾನ ಪಡೆದವನು. ಅವರು ಒಂದು ಕಾಮರ್ಸ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು, ಆ ಕೆಲಸ ಸಿಗಲು ಬಹಳ ಅಲೆದಿದ್ದರು ಎಂಬುದು ಕಾಮರ್ಸ್ ಓದುವ ನನಗೇ ಈ ವರ್ಷದವರೆಗೆ ಗೊತ್ತಿರಲಿಲ್ಲ. ಹೇಳಿದವಳು ನಮ್ಮ ಆಪಾ.

ಆಪಾ ಅರ್ಥಶಾಸ್ತ್ರದಲ್ಲಿ ಪಿಎಚ್.ಡಿ. ಮುಗಿಸಿ ಎರಡು ವರ್ಷವಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲ ಕಡೆ ಅರ್ಜಿ ಹಾಕಿದ್ದಾಳೆ. ಈಗ ಒಂದು ಕಡೆ ಅತಿಥಿ ಉಪನ್ಯಾಸಕಿ. ಪರೀಕ್ಷೆ ಮುಗಿದು ರಜೆ ಬಿದ್ದರೆ ಸಂಬಳವೂ ನಿಲ್ಲುತ್ತದೆ. ಇಷ್ಟು ಓದಿ ಏನಾಯಿತು ಎಂದು ಮನೆಗೆ ಬಂದವರು ಕೇಳುತ್ತಾರೆ. ಅಮ್ಮಿ ಚಹಾ ಮಾಡುವ ನೆಪದಲ್ಲಿ ಒಳಗೆ ಹೋಗುತ್ತಾರೆ. ನಾನು ಮುಂದೆ ಎಂ.ಕಾಂ. ಮಾಡಬೇಕೋ ಬೇಡವೋ ಎಂಬ ಮಾತೂ ಇದೇ ಪ್ರಶ್ನೆಗೆ ತಗಲಿಕೊಂಡಿದೆ. ಅದಕ್ಕೇ ಅಂಬೇಡ್ಕರರ ಜೀವನದ ಈ ಭಾಗವನ್ನು ಹುಡುಕಿ ಓದಿದೆ.

ಅವರು ಹುಟ್ಟಿದ್ದು 1891ರಲ್ಲಿ, ಮಧ್ಯ ಭಾರತದ ಮಹೂ ಎಂಬ ದಂಡು ಪ್ರದೇಶದಲ್ಲಿ. ತಂದೆ ರಾಮ್‌ಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರು. 1912ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಬಿ.ಎ. ಆಯಿತು. ಆಗ ನಮ್ಮ ವಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತ್ಯದಲ್ಲೇ ಇತ್ತು. 1913ರಲ್ಲಿ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು ತಿಂಗಳಿಗೆ ಹನ್ನೊಂದೂವರೆ ಪೌಂಡಿನಂತೆ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟು ಅಮೆರಿಕೆಗೆ ಕಳಿಸಿದರು. ಹಿಂದಿರುಗಿ ಹತ್ತು ವರ್ಷ ಬರೋಡ ಸಂಸ್ಥಾನದಲ್ಲಿ ಕೆಲಸ ಮಾಡಬೇಕೆಂಬುದು ಕರಾರು. ಅಂದರೆ ಓದುವ ಮೊದಲೇ ನೌಕರಿ ಗಟ್ಟಿಯಾಗಿತ್ತು. ಆಪಾ ಇಲ್ಲಿ ನಕ್ಕಳು. ಮುಂದಿನದು ಓದು ಎಂದಳು.

ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ಎಂ.ಎ. ಮಾಡಿ, ಡಾಕ್ಟರೇಟ್ ಪ್ರಬಂಧದ ಕೆಲಸ ಮುಗಿಸಿ, 1916ರಲ್ಲಿ ಲಂಡನ್ನಿನ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. ವಿದ್ಯಾರ್ಥಿವೇತನದ ಅವಧಿ ಮುಗಿಯಿತು. 1917ರಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೊರಡಬೇಕಾಯಿತು. ನಾಲ್ಕು ವರ್ಷದೊಳಗೆ ಬಂದು ಮುಂದುವರಿಸಬಹುದೆಂದು ಲಂಡನ್ನಿನವರು ಅನುಮತಿ ಕೊಟ್ಟಿದ್ದರು. ಮೊದಲ ಮಹಾಯುದ್ಧದ ಕಾಲ. ಅವರ ಪುಸ್ತಕಗಳನ್ನು ಹೊತ್ತ ಹಡಗು ಬೇರೆಯಾಗಿ ಬರುತ್ತಿತ್ತು. ಅದನ್ನು ಶತ್ರುಗಳು ಮುಳುಗಿಸಿದರು.

ಬರೋಡದಲ್ಲಿ ಅಕೌಂಟೆಂಟ್ ಜನರಲ್ ಕಚೇರಿಯ ಕೆಲಸ ಸಿಕ್ಕಿತು, ಇರಲು ಜಾಗ ಸಿಗಲಿಲ್ಲ. ಅಸ್ಪೃಶ್ಯರೆಂದು ಯಾವ ಹೋಟೆಲಿನವರೂ ಸೇರಿಸುವಂತಿರಲಿಲ್ಲ. ಪಾರ್ಸಿ ಹೆಸರು ಬರೆಸಿ ಒಂದು ಪಾರ್ಸಿ ವಸತಿಗೃಹದ ಮಾಳಿಗೆಯಲ್ಲಿ ಉಳಿದರು. ಹನ್ನೊಂದನೆಯ ದಿನ ಬೆಳಿಗ್ಗೆ ಹತ್ತು ಹನ್ನೆರಡು ಜನ ಕೋಲು ಹಿಡಿದು ಬಂದು ಸಂಜೆಯೊಳಗೆ ಖಾಲಿ ಮಾಡಲು ಹೇಳಿದರು. ಒಬ್ಬ ಹಿಂದೂ ಸ್ನೇಹಿತರನ್ನೂ ಒಬ್ಬ ಕ್ರೈಸ್ತ ಸ್ನೇಹಿತರನ್ನೂ ಕೇಳಿದರು, ಇಬ್ಬರಿಂದಲೂ ಆಶ್ರಯ ಸಿಗಲಿಲ್ಲ. ಸಾರ್ವಜನಿಕ ತೋಟದಲ್ಲಿ ಹೊತ್ತು ಕಳೆದು ರಾತ್ರಿ ರೈಲು ಹಿಡಿದು ಮುಂಬಯಿಗೆ ಹೊರಟರು. ಹತ್ತು ವರ್ಷದ ನೌಕರಿ ಹತ್ತೇ ದಿನಗಳಲ್ಲಿ ಮುಗಿದಂತಾಯಿತು.

ಇದನ್ನು ಓದುವಾಗ ನನಗೆ ಆಪಾಳ ಕಳೆದ ಜೂನ್ ನೆನಪಾಯಿತು. ಒಂದು ಊರಿನಲ್ಲಿ ಪಾಠ ಸಿಕ್ಕಿತ್ತು. ಬಾಡಿಗೆ ಕೋಣೆ ನೋಡಲು ಅಬ್ಬಾ ಜೊತೆ ನಾನೂ ಹೋಗಿದ್ದೆ. ಹೆಸರು ಹೇಳುವವರೆಗೆ ಖಾಲಿ ಇದ್ದ ಕೋಣೆ ಹೆಸರು ಹೇಳಿದ ಮೇಲೆ ಖಾಲಿ ಇರಲಿಲ್ಲ. ಮೂರನೆಯ ಮನೆಯ ಮುಂದೆ ಅಬ್ಬಾ ಏನೂ ಮಾತಾಡದೆ ಗಾಡಿ ಚಾಲೂ ಮಾಡಿದರು. ಆದರೂ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ಸರಿಯಲ್ಲ ಅನ್ನಿಸುತ್ತದೆ. ಆಪಾ ಸಂಜೆ ಬಸ್ಸಿಗೆ ಮನೆಗೆ ಬಂದು ಊಟ ಮಾಡಬಹುದಿತ್ತು. ಬರೋಡದಲ್ಲಿ ಅವರಿಗೆ ಆ ರಾತ್ರಿ ತಲೆ ಇಡಲು ಒಂದು ಮೂಲೆಯೂ ಇರಲಿಲ್ಲ.

ಮುಂಬಯಿಗೆ ಬಂದ ಮೇಲೆ ಮನೆಪಾಠ ಹೇಳಿದರು. ಷೇರು ವ್ಯವಹಾರಕ್ಕೆ ಸಲಹೆ ಕೊಡುವ ಒಂದು ಸಂಸ್ಥೆ ತೆರೆದರು. ಸಲಹೆಗಾರರ ಜಾತಿ ತಿಳಿದ ಮೇಲೆ ಗಿರಾಕಿಗಳು ಬರುವುದನ್ನು ನಿಲ್ಲಿಸಿದರು. ನಮ್ಮ ಪಠ್ಯದಲ್ಲಿ ವ್ಯಾಪಾರದ ಅಪಾಯಗಳು ಎಂಬ ಪಾಠವಿದೆ, ಅದರಲ್ಲಿ ಈ ಅಪಾಯದ ಹೆಸರಿಲ್ಲ.

ಈ ನಿರುದ್ಯೋಗದ ದಿನಗಳಲ್ಲೇ ಅವರು ಭಾರತದ ಸಣ್ಣ ಹಿಡುವಳಿಗಳ ಕುರಿತು ಲೇಖನ ಬರೆದರು. ಅದು 1918ರಲ್ಲಿ ಪ್ರಕಟವಾಯಿತು. ಹೊಲ ಚಿಕ್ಕದಾಗಿರುವುದೊಂದೇ ದೋಷವಲ್ಲ, ಅದಕ್ಕೆ ಬೇಕಾದ ಬಂಡವಾಳ ಮತ್ತು ಸಲಕರಣೆ ಇಲ್ಲ, ಮೇಲಾಗಿ ಭೂಮಿಯ ಮೇಲೆ ಅಗತ್ಯಕ್ಕಿಂತ ಹೆಚ್ಚು ಜನ ಬಿದ್ದಿದ್ದಾರೆ, ಕೈಗಾರಿಕೆ ಬಂದರೆ ಈ ಭಾರ ಇಳಿಯುತ್ತದೆ ಎಂಬುದು ಅದರ ವಾದ. ಇಂಡಿ ಕಡೆ ನಮ್ಮ ಮಾಮುವಿಗೆ ಎರಡು ಎಕರೆ ಲಿಂಬೆ ತೋಟವಿದೆ, ಪಾಲುದಾರರು ಐದು ಮಂದಿ. ನೂರು ವರ್ಷದ ಹಿಂದಿನ ಲೇಖನ ಅವರ ಮನೆಯ ಲೆಕ್ಕದಂತೆಯೇ ಕಂಡಿತು.

1918ರ ನವೆಂಬರಿನಲ್ಲಿ ಮುಂಬಯಿಯ ಸಿಡೆನಹ್ಯಾಂ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. 1913ರಲ್ಲಿ ಶುರುವಾದ ಕಾಮರ್ಸ್ ಕಾಲೇಜು ಅದು. ಕೆಲಸ ತಾತ್ಕಾಲಿಕ, ಸಂಬಳ ತಿಂಗಳಿಗೆ 450 ರೂಪಾಯಿ. ಈ ಹೊಸ ಪ್ರೊಫೆಸರರನ್ನು ವಿದ್ಯಾರ್ಥಿಗಳು ಮೊದಲು ಅಷ್ಟಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಕೆಲವೇ ದಿನಗಳಲ್ಲಿ ಬೇರೆ ಕಾಲೇಜಿನವರೂ ಅವರ ಪಾಠ ಕೇಳಲು ಬರತೊಡಗಿದರು. ಆದರೆ ಅಧ್ಯಾಪಕರ ಕೋಣೆಯಲ್ಲಿದ್ದ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಕೆಲವು ಸಹೋದ್ಯೋಗಿಗಳು ಆಕ್ಷೇಪ ಎತ್ತಿದರು. ಕೊಲಂಬಿಯಾದಲ್ಲಿ ಓದಿ ಬಂದವರಿಗೆ ಒಂದು ಲೋಟ ನೀರಿನ ತಕರಾರು. ಇಲ್ಲಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ನನಗೆ ಬಹಳ ಹಿಡಿಸಿದ್ದು ಆ ಸಂಬಳವನ್ನು ಅವರು ಬಳಸಿದ ರೀತಿ. ಪರೇಲಿನ ಚಾಳಿನ ಎರಡು ಕೋಣೆಗಳ ಮನೆ. ಪತ್ನಿ ರಮಾಬಾಯಿ ಸ್ವಲ್ಪ ಹಣದಲ್ಲೇ ಸಂಸಾರ ತೂಗಿಸಿದರು. ಉಳಿದದ್ದು ಲಂಡನ್ನಿಗೆ. 1920ರ ಮಾರ್ಚಿನಲ್ಲಿ ಕೆಲಸ ಬಿಟ್ಟರು. ಕೂಡಿಟ್ಟ ಹಣಕ್ಕೆ ಕೊಲ್ಹಾಪುರದ ಶಾಹು ಮಹಾರಾಜರ ನೆರವು ಮತ್ತು ಸ್ನೇಹಿತ ನವಲ್ ಭಥೇನಾ ಕೊಟ್ಟ 5,000 ರೂಪಾಯಿ ಸಾಲ ಸೇರಿತು. ಅಷ್ಟು ಕಷ್ಟಪಟ್ಟು ಗಿಟ್ಟಿಸಿದ ಕೆಲಸವನ್ನು ಬಿಡಲು ಎಷ್ಟು ಧೈರ್ಯ ಬೇಕು! ನಮ್ಮ ಮನೆಯಲ್ಲಾದರೆ ಖಾಲಾಗಳೆಲ್ಲ ಸೇರಿ ತಡೆಯುತ್ತಿದ್ದರು.

ಲಂಡನ್ನಿನಲ್ಲಿ 1921ರಲ್ಲಿ ಎಂ.ಎಸ್ಸಿ., 1923ರಲ್ಲಿ ಡಿ.ಎಸ್ಸಿ. ಆಯಿತು. ಡಿ.ಎಸ್ಸಿ. ಪ್ರಬಂಧ ರೂಪಾಯಿಯ ಸಮಸ್ಯೆ ಕುರಿತದ್ದು. ಪರೀಕ್ಷಕರು ಅದನ್ನು ತಿದ್ದಿ ಕೊಡಲು ಹೇಳಿದ್ದರಿಂದ ಮುಂಬಯಿಗೆ ಬಂದು ತಿದ್ದಿ ಕಳಿಸಬೇಕಾಯಿತು. ಕೊಲಂಬಿಯಾದ ಪಿಎಚ್.ಡಿ.ಯಂತೂ ಪ್ರಬಂಧ ಪುಸ್ತಕವಾಗಿ ಅಚ್ಚಾದ ಮೇಲೆ, 1927ರಲ್ಲಿ ಕೈಗೆ ಬಂತು. ಸಿಡೆನಹ್ಯಾಂನಲ್ಲಿ ಪಾಠ ಮಾಡುವಾಗ ಅವರಿನ್ನೂ ಕಾಗದದ ಮೇಲೆ ಡಾಕ್ಟರ್ ಆಗಿರಲಿಲ್ಲ ಎಂದಾಯಿತು.

ಎರಡು ಡಾಕ್ಟರೇಟಿನಷ್ಟು ಓದಿದವರಿಗೆ ಆಮೇಲಾದರೂ ಕಾಯಂ ಪ್ರಾಧ್ಯಾಪಕ ಹುದ್ದೆ ಕಾದಿತ್ತೇ? ಇಲ್ಲ. ವಕೀಲಿ ಹಿಡಿದರು. ಕಕ್ಷಿದಾರರು ಕಡಿಮೆ. 1925ರಿಂದ 1928ರವರೆಗೆ ಬಾಟ್ಲಿಬಾಯ್ ಅಕೌಂಟೆನ್ಸಿ ತರಬೇತಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಕಲಿಸಿದರು, ಅದೂ ಅರೆಕಾಲಿಕ. 1928ರಲ್ಲಿ ಮುಂಬಯಿಯ ಸರಕಾರಿ ಲಾ ಕಾಲೇಜಿನಲ್ಲಿ ಮತ್ತೆ ಅರೆಕಾಲಿಕ ಪ್ರಾಧ್ಯಾಪಕರು. ಅದೇ ಕಾಲೇಜಿಗೆ 1935ರಲ್ಲಿ ಪ್ರಾಂಶುಪಾಲರಾದಾಗ ವಯಸ್ಸು ನಲವತ್ನಾಲ್ಕು. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, ಮರುವರ್ಷ ಸಿದ್ಧಾರ್ಥ ಕಾಲೇಜು ತೆರೆದರು. ದುಡಿಯುವ ಹುಡುಗರೂ ಓದಲೆಂದು ಅಲ್ಲಿ ಬೆಳಗಿನ ತರಗತಿಗಳಿದ್ದವು. ಕೆಲಸಕ್ಕೆ ಅಲೆದವರೇ ಬೇರೆಯವರಿಗೆ ಅಧ್ಯಾಪಕರ ಕೆಲಸ ಕೊಡುವ ಸ್ಥಾನದಲ್ಲಿ ಕುಳಿತರು. 1956ರ ಡಿಸೆಂಬರ್ 6ರಂದು ತೀರಿಕೊಂಡರು. ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿ ಆಗಿನ್ನೂ ಐದು ವಾರ ಕಳೆದಿತ್ತು.

ಇದನ್ನು ಬರೆದು ಮೊದಲು ಆಪಾಳಿಗೆ ತೋರಿಸಿದೆ. ಒತ್ತಕ್ಷರದ ತಪ್ಪು ಹನ್ನೆರಡು ಹುಡುಕಿದಳು. ನಂತರ ಆ ಸಣ್ಣ ಹಿಡುವಳಿಗಳ ಲೇಖನವನ್ನು ಹತ್ತು ಪ್ರತಿ ಝೆರಾಕ್ಸ್ ಮಾಡಿಸಿಕೊಂಡು ಬಾ ಎಂದು ದುಡ್ಡು ಕೊಟ್ಟಳು. ಸೋಮವಾರ ತರಗತಿಯಲ್ಲಿ ಹಂಚುತ್ತಾಳಂತೆ.