ಬಾಗಿಲು ತೆರೆದಿಟ್ಟ ಪಂಡಿತಾ ರಮಾಬಾಯಿ

ಪಂಡಿತಾ ರಮಾಬಾಯಿ ಅಂದ್ರೆ ಪುಣೆ ಕಡೆಯವರು ಅಂತ ಬಹಳ ಮಂದಿಯ ತಿಳುವಳಿಕೆ. ಆಕೆ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳ ಸೀಮೆಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಮಡಿವಂತರ ಬಾಯಿಗೆ ಬಿದ್ದು ಕಾಡು ಸೇರಿದ ಮನುಷ್ಯ.

ರಮಾ ಆರು ತಿಂಗಳ ಕೂಸಾಗಿದ್ದಾಗಲೇ ಸಂಸಾರ ತೀರ್ಥಯಾತ್ರೆ ಹೊರಟಿತು. ಮಗು ಬೆತ್ತದ ಬುಟ್ಟಿಯಲ್ಲಿ. ಪುರಾಣ ಓದಿ ಸಿಕ್ಕಿದ್ದರಲ್ಲಿ ಹೊಟ್ಟೆ ಹೊರೆಯಬೇಕು. 1870ರ ದಶಕದ ಬರದಲ್ಲಿ ಅಪ್ಪ, ಅಮ್ಮ, ಅಕ್ಕ ಮೂವರೂ ಹೋದರು. ಅಣ್ಣನ ಜೊತೆ ನಡೆಯುತ್ತ ನಡೆಯುತ್ತ 1878ರಲ್ಲಿ ಕಲ್ಕತ್ತಾ ಸೇರಿದ ಹುಡುಗಿಯ ಸಂಸ್ಕೃತ ಕೇಳಿ ವಿದ್ವಾಂಸರೇ ದಂಗಾದರು. ಪಂಡಿತಾ, ಸರಸ್ವತಿ ಎಂಬ ಬಿರುದು ಬಂತು. ಬೆನ್ನಿಗೇ ಅಣ್ಣನ ಸಾವು. ಮದುವೆಯಾಗಿ ಎರಡು ವರ್ಷ ತುಂಬುವುದರೊಳಗೆ ಗಂಡನೂ ಇಲ್ಲ. ಕೈಯಲ್ಲಿ ಎಳೆಮಗು ಮನೋರಮಾ.

1883ರಲ್ಲಿ ಇಂಗ್ಲೆಂಡಿಗೆ ಹೋದರು. ಸಮಾಜ ತಳ್ಳಿಬಿಟ್ಟ ಹೆಂಗಸರನ್ನು ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಮನೆಮಕ್ಕಳಂತೆ ಸಾಕುತ್ತಿದ್ದರು. ಯಾವ ಉಪದೇಶಕ್ಕೂ ಬಗ್ಗದ ಪಂಡಿತೆಯ ಮನಸ್ಸು ಇದನ್ನು ಕಂಡು ಕರಗಿತು. ಅದೇ ವರ್ಷ ದೀಕ್ಷಾಸ್ನಾನವಾಯಿತು. ಹಾಗಂತ ಪಾದ್ರಿಗಳು ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಹೆಂಗಸಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಅಂತ ಕೇಳಿ ಚರ್ಚಿನವರಿಗೂ ತಲೆನೋವಾದರು. ಸಸ್ಯಾಹಾರವನ್ನು ಬಿಡಲಿಲ್ಲ.

1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಮತದ ವಿಚಾರದಲ್ಲಿ ಯಾರಿಗೂ ಒತ್ತಾಯವಿಲ್ಲ, ಅವರವರ ಜಾತಿಯ ಊಟ, ಅವರವರ ಪೂಜೆ. ಆದರೆ ರಮಾಬಾಯಿ ಮಗಳೊಡನೆ ಪ್ರಾರ್ಥಿಸುವಾಗ ಕೋಣೆಯ ಬಾಗಿಲು ಹಾಕುತ್ತಿರಲಿಲ್ಲ. ಕರೆಯಲೂ ಇಲ್ಲ, ಬಂದವರನ್ನು ಓಡಿಸಲೂ ಇಲ್ಲ. ಕೆಲ ಹುಡುಗಿಯರು ಬಂದು ಕೂತರು.

ಅಷ್ಟು ಸಾಕಾಯಿತು. 1893ರಲ್ಲಿ ಪುಣೆಯಲ್ಲಿ ಗದ್ದಲವೆದ್ದಿತು. ರಾನಡೆ, ಭಾಂಡಾರಕರರಂಥ ಹಿತೈಷಿಗಳೇ ಸಲಹಾ ಮಂಡಳಿ ಬಿಟ್ಟರು. ಅನೇಕರು ಹೆಣ್ಣುಮಕ್ಕಳನ್ನು ಕರಕೊಂಡು ಹೋದರು. ಅವರ ದಿಗಿಲು ಪೂರಾ ಸುಳ್ಳಲ್ಲ, ಮುಂದೆ ಹಲವರು ಕ್ರೈಸ್ತರಾದದ್ದು ನಿಜ. ಆದರೆ ತಲೆ ಬೋಳಿಸಿ ಮೂಲೆಗೆ ಕೂರಿಸಿದ್ದ ಆ ಎಳೆಯ ವಿಧವೆಯರಿಗೆ ಮೊದಲು ಪಾಟಿ ಬಳಪ ಕೊಟ್ಟವರು ಯಾರು? ಈ ಪ್ರಶ್ನೆಗೆ ಉತ್ತರ ಕಡಿಮೆ.

1896ರ ಬರ ಬಂದಾಗ ರಮಾಬಾಯಿ ಸುಮ್ಮನೆ ಕೂರಲಿಲ್ಲ. ಹಸಿವು ಏನೆಂದು ಬಲ್ಲವರು. ಮಧ್ಯಪ್ರಾಂತ್ಯಕ್ಕೆ ತಾವೇ ಹೋಗಿ ದಿಕ್ಕಿಲ್ಲದ ನೂರಾರು ಹುಡುಗಿಯರನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವದಲ್ಲಿ ಮುಕ್ತಿ ಸದನ ಎದ್ದಿತು. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿ ಉಣ್ಣುವವರ ಲೆಕ್ಕ ಒಂದೂವರೆ ಸಾವಿರ ದಾಟಿತು. ಕುರುಡರಿಗೂ ಜಾಗವಿತ್ತು. ನೇಯ್ಗೆ, ಒಕ್ಕಲುತನ, ಅಚ್ಚುಕೆಲಸ ಎಲ್ಲ ಹೆಂಗಸರದೇ.

ಕಡೆಯ ವರ್ಷಗಳಲ್ಲಿ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಸರಳ ಮರಾಠಿಗೆ ತಂದರು. ಪಂಡಿತೆಯಾದರೂ ಪಂಡಿತರಿಗಾಗಿ ಬರೆಯಲಿಲ್ಲ, ಅಡುಗೆಮನೆಯ ಹೆಂಗಸಿಗೂ ತಿಳಿಯಬೇಕೆಂಬ ಹಟ. ಮಗಳು ಮನೋರಮಾ ಗುಲ್ಬರ್ಗದಲ್ಲಿ ಶಾಂತಿ ಸದನ ನಡೆಸಿ 1921ರಲ್ಲಿ ತೀರಿಕೊಂಡರು. ತಾಯಿ ಎದೆಗಟ್ಟಿ ಮಾಡಿಕೊಂಡು ಕರಡು ತಿದ್ದುತ್ತ ಕೂತರು. ಕೆಲಸ ಮುಗಿಯಿತು. 1922ರ ಏಪ್ರಿಲ್ 5ರಂದು ಉಸಿರು ನಿಂತಿತು.

ಕೇಡಗಾಂವದ ಮುಕ್ತಿ ಇಂದಿಗೂ ನಡೆಯುತ್ತಿದೆ. ಆಕೆಯ ಮತವನ್ನು ಒಪ್ಪಲಿ ಬಿಡಲಿ, ಆ ಅನ್ನ ಉಂಡು ಬದುಕಿದವರ ಮೊಮ್ಮಕ್ಕಳು ಇದ್ದಾರೆ.